ಅಟ್ಲಾಂಟಿಕ್‌ನ ಎರಡು ದಡಗಳ ನಡುವೆ ಸಿಮೋನ್ ದ ಬೋವಾ

ಪ್ಯಾರಿಸ್ ಮಹಾನಗರದ ಮೊಂಪಾರ್ನಾಸ್ ಸ್ಮಶಾನದಲ್ಲಿ 1986ರ ಏಪ್ರಿಲ್ ತಿಂಗಳಲ್ಲಿ ಲೇಖಕಿ ಸಿಮೋನ್ ದ ಬೋವಾಳ ಅಂತ್ಯಕ್ರಿಯೆ ನಡೆಯಿತು. ತತ್ವಜ್ಞಾನಿ ಝಾನ್ ಪಾಲ್ ಸಾರ್ತ್ರ ಆರು ವರ್ಷಗಳ ಹಿಂದೆ ಸೇರಿದ್ದ ಸಮಾಧಿಯಲ್ಲೇ ಆಕೆಗೂ ಸ್ಥಾನ ದೊರೆಯಿತು. ಒಂದೇ ಕಲ್ಲು, ಎರಡು ಹೆಸರು. ಅರ್ಧ ಶತಮಾನದ ಒಡನಾಟಕ್ಕೆ ಇದಕ್ಕಿಂತ ಸಹಜವಾದ ಮುಕ್ತಾಯ ಇರಲಾರದೆಂದು ಅಲ್ಲಿ ನೆರೆದಿದ್ದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆಕೆಯ ಬೆರಳಲ್ಲಿ ಅಂದು ಇದ್ದದ್ದು ಸಾರ್ತ್ರ ಕೊಟ್ಟ ಉಂಗುರವಲ್ಲ. ಮೂವತ್ತೊಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಕಾದಂಬರಿಕಾರ ನೆಲ್ಸನ್ ಆಲ್‌ಗ್ರೆನ್ ತೊಡಿಸಿದ್ದ ಅಗ್ಗದ ಬೆಳ್ಳಿಯುಂಗುರವದು ಎಂದು ಆಕೆಯ ಜೀವನಚರಿತ್ರಕಾರರು ದಾಖಲಿಸಿದ್ದಾರೆ.

ಒಬ್ಬನ ಸಮಾಧಿ, ಮತ್ತೊಬ್ಬನ ಉಂಗುರ. ದೂರದ ಪ್ರೀತಿಯನ್ನು ಮುಂದುವರಿಸಬೇಕೇ, ಕೈಬಿಡಬೇಕೇ ಎಂಬ ಪ್ರಶ್ನೆಯನ್ನು ಸಿಮೋನ್ ಹಲವು ವರ್ಷ ಹೊತ್ತು ತಿರುಗಿದಳು. ಆಕೆ ಏನನ್ನು ನಿರ್ಧರಿಸಿದಳು, ಏನನ್ನು ನಿರ್ಧರಿಸದೆ ಮುಂದೂಡಿದಳು, ಅದಕ್ಕೆ ಯಾರು ಯಾರು ಬೆಲೆ ತೆತ್ತರು ಎಂಬುದೇ ಈ ಬದುಕಿನ ಕಥೆ.

ಎರಡು ವರ್ಷಗಳ ಕರಾರು

ಸಿಮೋನ್ ಹುಟ್ಟಿದ್ದು 1908ರ ಜನವರಿ 9ರಂದು, ಪ್ಯಾರಿಸ್ಸಿನ ಸಂಪ್ರದಾಯಸ್ಥ ಕ್ಯಾಥೊಲಿಕ್ ಕುಟುಂಬದಲ್ಲಿ. ಮೊದಲ ಮಹಾಯುದ್ಧದ ನಂತರ ತಂದೆಯ ಆಸ್ತಿ ಕರಗಿಹೋಯಿತು. ಇಬ್ಬರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಡುವ ಶಕ್ತಿ ಮನೆಗೆ ಉಳಿಯಲಿಲ್ಲ. ವರದಕ್ಷಿಣೆ ಇಲ್ಲದ ಹೆಣ್ಣಿಗೆ ಅಂದಿನ ಆ ವರ್ಗದಲ್ಲಿ ತಕ್ಕ ಸಂಬಂಧ ಸಿಗುವುದು ದುರ್ಲಭ. ಓದಿ ಉದ್ಯೋಗ ಹಿಡಿಯುವುದು ಅನಿವಾರ್ಯವಾಯಿತು. ಮನೆಯವರಿಗೆ ಅವಮಾನವೆನಿಸಿದ ಈ ಅನಿವಾರ್ಯತೆಯೇ ಮಗಳಿಗೆ ಬಿಡುಗಡೆಯ ಬಾಗಿಲಾಯಿತು.

1929ರಲ್ಲಿ ಆಕೆ ತತ್ವಶಾಸ್ತ್ರ ಅಧ್ಯಾಪನದ ಕಠಿಣ ರಾಷ್ಟ್ರೀಯ ಸ್ಪರ್ಧಾ ಪರೀಕ್ಷೆಗೆ ಕುಳಿತಳು. ಮೊದಲ ಸ್ಥಾನ ಸಾರ್ತ್ರನಿಗೆ, ಎರಡನೆಯದು ಸಿಮೋನಳಿಗೆ. ಆತನಿಗೆ ಅದು ಎರಡನೆಯ ಪ್ರಯತ್ನ; ಆಕೆಗಿನ್ನೂ ಇಪ್ಪತ್ತೊಂದು ವರ್ಷ. ಆ ಪರೀಕ್ಷೆಯ ಸಿದ್ಧತೆಯ ದಿನಗಳಲ್ಲೇ ಇಬ್ಬರ ನಡುವೆ ಸ್ನೇಹ ಬೆಳೆದು ಪ್ರೇಮವಾಗಿತ್ತು. ಅದೇ ವರ್ಷದ ಶರತ್ಕಾಲದಲ್ಲಿ ಇಬ್ಬರೂ ಒಂದು ವಿಚಿತ್ರ ಕರಾರು ಮಾಡಿಕೊಂಡರು. ತಮ್ಮಿಬ್ಬರದು ಬದುಕಿನ ಮೂಲಭೂತ ಪ್ರೀತಿ. ಅದಕ್ಕೆ ಧಕ್ಕೆಯಾಗದಂತೆ ಇತರ ಆಕಸ್ಮಿಕ ಪ್ರೀತಿಗಳಿಗೂ ಇಬ್ಬರಿಗೂ ಅವಕಾಶವುಂಟು. ಆದರೆ ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಡಕೂಡದು. ಅವಧಿ ಎರಡು ವರ್ಷ. ಅನಂತರ ಮರುಪರಿಶೀಲನೆ!

ಮರುಪರಿಶೀಲನೆಯ ಕಾಲ ಬಂದಾಗ ದೂರವೂ ಜತೆಗೇ ಬಂತು. 1931ರಲ್ಲಿ ಸಿಮೋನಳಿಗೆ ದಕ್ಷಿಣದ ತುದಿಯ ಮಾರ್ಸೇ ಬಂದರುಪಟ್ಟಣಕ್ಕೆ ಅಧ್ಯಾಪಕಿಯಾಗಿ ನೇಮಕವಾಯಿತು. ಸಾರ್ತ್ರ ಆಗ ಉತ್ತರದ ಕಡಲತೀರದ ಲ ಆವ್ರ್‌ನಲ್ಲಿದ್ದ. ಇಡೀ ಫ್ರಾನ್ಸ್ ದೇಶ ಇಬ್ಬರ ನಡುವೆ ಅಡ್ಡ ಮಲಗಿತ್ತು. ವಿವಾಹಿತ ಅಧ್ಯಾಪಕರಿಗೆ ಒಂದೇ ಊರಿನಲ್ಲಿ ಕೆಲಸ ದೊರೆಯುವ ಸಾಧ್ಯತೆ ಇದ್ದುದರಿಂದ ಮದುವೆಯಾಗಿಬಿಡೋಣವೆಂದು ಸಾರ್ತ್ರ ಸೂಚಿಸಿದ. ಸಿಮೋನ್ ಒಪ್ಪಲಿಲ್ಲ. ವರ್ಗಾವಣೆಯ ಅನುಕೂಲಕ್ಕಾಗಿ ತಾನು ನಂಬದ ಸಂಸ್ಥೆಗೆ ತಲೆಬಾಗುವುದು ಆಕೆಗೆ ಬೇಡವಾಗಿತ್ತು. ಆತನಿಗೂ ಅದು ಹೊರೆಯಾದೀತೆಂಬ ಅರಿವಿತ್ತು. ಮಾರ್ಸೇಯಲ್ಲಿ ಒಂದು ವರ್ಷ ಒಬ್ಬಳೇ ಇದ್ದಳು. ಬಿಡುವಿನ ದಿನಗಳಲ್ಲಿ ಸುತ್ತಲಿನ ಗುಡ್ಡಗಳನ್ನು ಒಬ್ಬಳೇ ಹತ್ತಿಳಿದಳು. ಮರುವರ್ಷ ಲ ಆವ್ರ್‌ಗೆ ಸಮೀಪದ ರೂವಾನ್‌ಗೆ ವರ್ಗವಾಯಿತು. ದೂರವನ್ನು ತಾಳಿಕೊಳ್ಳಬಲ್ಲೆನೆಂಬ ವಿಶ್ವಾಸ ಆ ಒಂದು ವರ್ಷದ ಗಳಿಕೆ. ಮುಂದೆ ಅದೇ ವಿಶ್ವಾಸ ಆಕೆಯನ್ನು ಕಾಡಲಿತ್ತು.

ಮೂರನೆಯವರ ಪಾಲು

ಕರಾರಿನಲ್ಲಿ ಒಂದು ದೋಷವಿತ್ತು. ಅದು ಇಬ್ಬರ ನಡುವಿನ ಒಪ್ಪಂದ. ಮೂರನೆಯವರಾಗಿ ಬಂದವರ ಸಹಿ ಅದರಲ್ಲಿ ಇರಲಿಲ್ಲ. ಸಾರ್ತ್ರ ಮತ್ತು ಸಿಮೋನ್ ಪರಸ್ಪರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು, ನಿಜ. ಉಳಿದವರಿಗೆ ಹೇಳಬೇಕೆಂಬ ನಿಯಮವನ್ನು ಅವರು ಮಾಡಿಕೊಂಡಿರಲಿಲ್ಲ.

ರೂವಾನ್‌ನ ವಿದ್ಯಾರ್ಥಿನಿ ಓಲ್ಗಾ ಕೊಸಾಕೀವಿಚ್ ಇಬ್ಬರ ಬದುಕಿನೊಳಗೂ ಬಂದಳು. ಆ ತ್ರಿಕೋನದ ಬೇಗೆಯಿಂದಲೇ 1943ರಲ್ಲಿ ಸಿಮೋನಳ ಮೊದಲ ಕಾದಂಬರಿ ಹುಟ್ಟಿತು. ಮುಂದೆ ಓಲ್ಗಾಳ ಪತಿಯಾದ ಝಾಕ್ ಲೊರಾನ್ ಬೊಸ್ತ್‌ನೊಂದಿಗೆ ಸಿಮೋನ್ 1938ರಿಂದ ಪ್ರೇಮಸಂಬಂಧದಲ್ಲಿದ್ದಳು. ಅದನ್ನು ಓಲ್ಗಾಳಿಂದ ಮುಚ್ಚಿಟ್ಟಳು. ಮತ್ತೊಬ್ಬ ವಿದ್ಯಾರ್ಥಿನಿ ಬಿಯಾಂಕಾಳನ್ನು ಮೊದಲು ಸಿಮೋನ್, ಅನಂತರ ಸಾರ್ತ್ರ ಹತ್ತಿರ ಮಾಡಿಕೊಂಡರು. ಯುದ್ಧದ ಆರಂಭದ ದಿನಗಳಲ್ಲಿ ಇಬ್ಬರೂ ಕೈಬಿಟ್ಟರು. ಬಿಯಾಂಕಾ ಯಹೂದಿ ಹುಡುಗಿ. ನಾತ್ಸಿ ಸೇನೆ ಪ್ಯಾರಿಸ್ಸಿಗೆ ನುಗ್ಗಿದ ವರ್ಷ ಅದು. ಸಾರ್ತ್ರನಿಗೆ ಸಿಮೋನ್ ಬರೆದ ಪತ್ರಗಳು 1990ರಲ್ಲಿ ಪ್ರಕಟವಾದಾಗ ತನ್ನ ಬಗ್ಗೆ ಏನೇನು ಬರೆಯಲಾಗಿತ್ತೆಂಬುದು ಬಿಯಾಂಕಾಳಿಗೆ ಅರ್ಥವಾಯಿತು. 1993ರಲ್ಲಿ ಬಿಯಾಂಕಾ ಲಾಂಬ್ಲಾಂ ಎಂಬ ಹೆಸರಿನಲ್ಲಿ ಆಕೆ ತನ್ನ ನೋವನ್ನು ಪುಸ್ತಕವಾಗಿಸಿದಳು. ಸಿಮೋನಳನ್ನು ಮೆಚ್ಚುವವರು ಈ ಅಧ್ಯಾಯವನ್ನು ಹಾರಿಸಿ ಓದಲಾಗದು. ಆಕೆ ಅಧ್ಯಾಪಕಿ, ಅವರು ಶಿಷ್ಯೆಯರು ಎಂಬ ಅಂತರವನ್ನೂ ಮರೆಯಲಾಗದು.

ಶಿಕಾಗೋದ ದೂರವಾಣಿ

1945ರಲ್ಲಿ ಅಮೆರಿಕಕ್ಕೆ ಹೋದ ಸಾರ್ತ್ರ ನ್ಯೂಯಾರ್ಕ್‌ನಲ್ಲಿ ದೊಲೊರೆಸ್ ವಾನೆಟ್ಟಿ ಎಂಬಾಕೆಯನ್ನು ಗಾಢವಾಗಿ ಪ್ರೀತಿಸತೊಡಗಿದ. ಆಕಸ್ಮಿಕ ಪ್ರೀತಿಯೊಂದು ಮೂಲಭೂತ ಪ್ರೀತಿಯನ್ನೇ ಅಲುಗಿಸೀತೆಂಬ ಭಯ ಸಿಮೋನಳಿಗೆ ಮೊದಲ ಬಾರಿಗೆ ಉಂಟಾದದ್ದು ಆಗ. ಎರಡು ವರ್ಷಗಳ ಬಳಿಕ, 1947ರ ಜನವರಿಯಲ್ಲಿ, ಉಪನ್ಯಾಸ ಪ್ರವಾಸಕ್ಕಾಗಿ ಆಕೆಯೇ ಅಮೆರಿಕಕ್ಕೆ ಹೊರಟಳು. ವಯಸ್ಸು ಮೂವತ್ತೊಂಬತ್ತು.

ಶಿಕಾಗೋದಲ್ಲಿ ಆಕೆಗಿದ್ದ ಸಮಯ ಎರಡು ದಿನಕ್ಕೂ ಕಡಿಮೆ. ಆಲ್‌ಗ್ರೆನ್ ಎಂಬ ಲೇಖಕನನ್ನು ಕಾಣುವಂತೆ ನ್ಯೂಯಾರ್ಕ್‌ನ ಪರಿಚಿತರು ಹೇಳಿದ್ದರು. ದೂರವಾಣಿ ಕರೆ ಮಾಡಿದರೆ ಆ ಕಡೆಯ ಮನುಷ್ಯ ಫ್ರೆಂಚ್ ಉಚ್ಚಾರಣೆಯ ಇಂಗ್ಲಿಷ್ ಅರ್ಥವಾಗದೆ ತಪ್ಪು ಕರೆಯೆಂದು ಕೆಳಗಿಟ್ಟ; ಮತ್ತೆ ಮಾಡಿದರೆ ಮತ್ತೆ ಕೆಳಗಿಟ್ಟ. ಕೊನೆಗೆ ದೂರವಾಣಿ ನಿರ್ವಾಹಕಿಯ ನೆರವಿನಿಂದ ಮಾತು ಸಾಧ್ಯವಾಯಿತು. ಆಲ್‌ಗ್ರೆನ್ ಆಕೆಗೆ ಪ್ರವಾಸಿಗರ ಶಿಕಾಗೋವನ್ನು ತೋರಿಸಲಿಲ್ಲ. ಕುಡುಕರು, ಜೂಜುಕೋರರು, ನಿರ್ಗತಿಕರು ಸೇರುವ ಪಾನಗೃಹಗಳಿಗೆ, ಪೋಲಿಷ್ ವಲಸಿಗರ ಬಡಾವಣೆಗೆ ಕರೆದೊಯ್ದ. ಆತನ ಕಾದಂಬರಿಗಳ ಲೋಕವೇ ಅದಾಗಿತ್ತು. ವಾಬಾನ್ಸಿಯಾ ಬೀದಿಯಲ್ಲಿದ್ದ ಆತನ ಮನೆಯಲ್ಲಿ ಸ್ನಾನಗೃಹವೂ ಇರಲಿಲ್ಲ.

ಅದೇ ಮೇ ತಿಂಗಳಲ್ಲಿ ಆಕೆ ಮತ್ತೆ ಶಿಕಾಗೋಗೆ ಬಂದಳು. ದೊಲೊರೆಸ್ ಇನ್ನೂ ಪ್ಯಾರಿಸ್ಸಿನಲ್ಲಿ ಇದ್ದುದರಿಂದ ಸಿಮೋನಳ ಮರುಪ್ರಯಾಣ ಮುಂದೂಡಲ್ಪಟ್ಟಿತ್ತು ಎಂಬುದು ಇಲ್ಲಿ ಗಮನಾರ್ಹ. ಒಂದು ಪ್ರೀತಿಯ ದಿನಚರಿಯನ್ನು ಮತ್ತೊಂದು ಪ್ರೀತಿಯ ದಿನಚರಿ ನಿರ್ಧರಿಸುವ ವಿಪರ್ಯಾಸ ಅಲ್ಲಿಂದಲೇ ಮೊದಲಾಯಿತು. ಹಿಂದಿರುಗುವಾಗ ಆಕೆಯ ಬೆರಳಿನಲ್ಲಿ ಬೆಳ್ಳಿಯುಂಗುರವಿತ್ತು.

ಮದುವೆಯ ಮಾತು

ಅನಂತರದ ಹದಿನೇಳು ವರ್ಷಗಳಲ್ಲಿ ಸಿಮೋನ್ ಆಲ್‌ಗ್ರೆನ್‌ಗೆ ಮುನ್ನೂರಕ್ಕೂ ಹೆಚ್ಚು ಪತ್ರಗಳನ್ನು ಬರೆದಳು. ಆತನಿಗೆ ಫ್ರೆಂಚ್ ಬಾರದು. ಆಕೆ ತನ್ನ ತಪ್ಪುತಪ್ಪು ಇಂಗ್ಲಿಷಿನಲ್ಲೇ ಬರೆದಳು. ಪ್ಯಾರಿಸ್ಸಿನ ಕೆಫೆಗಳ ಹರಟೆ, ನಾಟಕಗಳು, ರಾಜಕೀಯದ ಜಗಳ, ಹಂಬಲ, ಕಣ್ಣೀರು ಎಲ್ಲವೂ ಅವುಗಳಲ್ಲಿವೆ. ಮದುವೆಯನ್ನು ನಂಬದ ಈಕೆ ಆತನನ್ನು ಪತಿಯೆಂದೇ ಸಂಬೋಧಿಸಿದಳು, ತನ್ನನ್ನು ಆತನ ಪತ್ನಿಯೆಂದೇ ಕರೆದುಕೊಂಡಳು.

ಆಲ್‌ಗ್ರೆನ್‌ಗೆ ಸಂಬೋಧನೆಯಷ್ಟೇ ಸಾಲಲಿಲ್ಲ. ಶಿಕಾಗೋದಲ್ಲಿ ನೆಲೆಸು, ಮದುವೆಯಾಗೋಣ ಎಂದು ಆತ ಕೇಳಿದ. ಅದರಲ್ಲಿ ಅನ್ಯಾಯದ ಬೇಡಿಕೆಯೇನೂ ಇರಲಿಲ್ಲ. ಪ್ರೀತಿಸಿದವಳು ಸಂಜೆ ಮನೆಯಲ್ಲಿರಬೇಕೆಂದು ಬಯಸುವುದು ತಪ್ಪೂ ಅಲ್ಲ. ಸಿಮೋನ್ ಯೋಚಿಸಿ ಉತ್ತರಿಸಿದಳು. ಪ್ಯಾರಿಸ್, ತನ್ನ ಭಾಷೆ, ತನ್ನ ಬರವಣಿಗೆ, ಸಾರ್ತ್ರ, ಇವನ್ನೆಲ್ಲ ಬಿಟ್ಟು ಬಂದರೆ ಉಳಿಯುವ ತಾನು ಆತ ಪ್ರೀತಿಸಿದ ಹೆಣ್ಣಾಗಿರುವುದಿಲ್ಲ ಎಂಬುದು ಆಕೆಯ ನಿಲುವು. ಆಲ್‌ಗ್ರೆನ್ ಕೂಡ ತನ್ನ ನೆಲವನ್ನು ಬಿಡಲೊಲ್ಲದವನೇ. ಶಿಕಾಗೋದ ಬೀದಿಗಳಿಲ್ಲದೆ ಆತನಿಗೆ ಕಥೆಗಳಿಲ್ಲ. ಇಬ್ಬರೂ ಲೇಖಕರು, ಇಬ್ಬರಿಗೂ ಊರೇ ಉಸಿರು. ಯಾರೂ ಬಾಗಲಿಲ್ಲ.

ಸಾರ್ತ್ರನೊಂದಿಗಿನ ದೈಹಿಕ ಸಂಬಂಧ ಹಲವು ವರ್ಷಗಳ ಹಿಂದೆಯೇ ಮುಗಿದಿದೆಯೆಂದು ಆಕೆ ಆಲ್‌ಗ್ರೆನ್‌ಗೆ ತಿಳಿಸಿದಳು. ಆದರೆ ಆಲ್‌ಗ್ರೆನ್‌ನನ್ನು ಬಾಧಿಸಿದ್ದು ಅದಲ್ಲ. ತಾನು ಎಷ್ಟೇ ಪ್ರೀತಿಸಲ್ಪಟ್ಟರೂ ಆಕೆಯ ಪಂಚಾಂಗದಲ್ಲಿ ತನ್ನ ಸ್ಥಾನ ಎರಡನೆಯದು ಎಂಬ ಸತ್ಯ ಆತನನ್ನು ಚುಚ್ಚುತ್ತಿತ್ತು.

ಹೇಳದೆ ಉಳಿದ ತಾರೀಖು

1948ರ ಮೇ ತಿಂಗಳಲ್ಲಿ ಸಿಮೋನ್ ಮತ್ತೆ ಅಮೆರಿಕಕ್ಕೆ ಬಂದಳು. ಇಬ್ಬರೂ ಮಿಸಿಸಿಪಿ ನದಿಯ ಗುಂಟ ನ್ಯೂ ಆರ್ಲಿಯನ್ಸ್‌ಗೆ, ಅಲ್ಲಿಂದ ಯುಕಟಾನ್, ಗ್ವಾಟೆಮಾಲಾ, ಮೆಕ್ಸಿಕೋಗಳಿಗೆ ಪ್ರಯಾಣ ಬೆಳೆಸಿದರು. ಮೊದಲು ನಾಲ್ಕು ತಿಂಗಳ ಯೋಜನೆಯಿತ್ತು. ಹೊರಡುವ ಮುನ್ನವೇ ಆಕೆ ಅದನ್ನು ಎರಡು ತಿಂಗಳಿಗೆ ಇಳಿಸಿದ್ದಳು. ಸಾರ್ತ್ರನಿಂದ ಅಷ್ಟು ಕಾಲ ದೂರವಿರಲು ಮನಸ್ಸಾಗಿರಲಿಲ್ಲ. ಈ ವಿಷಯವನ್ನು ಪತ್ರದಲ್ಲಿ ಬರೆಯುವ ಧೈರ್ಯ ಬರಲಿಲ್ಲ. ಭೇಟಿಯಾದಾಗಲೂ ಬಾಯಿ ಬಿಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ದಿನಗಳು ಸರಿದವು. ಕಡೆಗೆ ಮೆಕ್ಸಿಕೋದಲ್ಲಿ ಬಸ್ಸಿನಲ್ಲಿ ಕುಳಿತಿದ್ದಾಗ, ಜುಲೈ ಮಧ್ಯದೊಳಗೆ ತಾನು ಪ್ಯಾರಿಸ್ಸಿನಲ್ಲಿ ಇರಬೇಕೆಂದು ಸಾಮಾನ್ಯ ಸಂಗತಿಯೆಂಬಂತೆ ಹೇಳಿಬಿಟ್ಟಳು.

ಆಲ್‌ಗ್ರೆನ್ ಜಗಳವಾಡಲಿಲ್ಲ. ಆದರೆ ಆ ಗಳಿಗೆಯಿಂದ ಊರುಗಳ ಮೇಲೆ, ಬಿಸಿಲಿನ ಮೇಲೆ, ಪ್ರಯಾಣದ ಮೇಲೆ ಆತನಿಗೆ ಬೇಸರ ಹತ್ತಿತು. ಇಬ್ಬರೂ ಉತ್ತರಕ್ಕೆ ಮರಳುವಷ್ಟರಲ್ಲಿ ಏನೋ ಮುರಿದಿತ್ತು. ಈ ಪ್ರಸಂಗವನ್ನು ಸಿಮೋನಳೇ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾಳೆ.

ಸಂಬಂಧ ಮುಕ್ತವಾಗಿದ್ದುದು ಇಲ್ಲಿ ಪೆಟ್ಟಾಗಲಿಲ್ಲ; ಸಾರ್ತ್ರನ ವಿಷಯ ಆಲ್‌ಗ್ರೆನ್‌ಗೆ ಮೊದಲಿನಿಂದಲೂ ಗೊತ್ತಿತ್ತು. ಪೆಟ್ಟಾದದ್ದು ಹೊರಡುವ ತಾರೀಖನ್ನು ಬಚ್ಚಿಟ್ಟದ್ದು. ಸಾರ್ತ್ರನಿಗೆ ಸಲ್ಲುತ್ತಿದ್ದ ಪಾರದರ್ಶಕತೆ ಆಲ್‌ಗ್ರೆನ್‌ಗೆ ಸಲ್ಲಲಿಲ್ಲ. ಮುರಿಯಬಾರದ್ದು ಮುರಿದೀತೆಂಬ ಹೆದರಿಕೆಯಿಂದ ಸುಮ್ಮನಿದ್ದಳು. ಸುಮ್ಮನಿದ್ದುದರಿಂದಲೇ ಅದು ಮುರಿಯಿತು.

ಆದರೂ ಪತ್ರಗಳು ನಿಲ್ಲಲಿಲ್ಲ. 1949ರಲ್ಲಿ ಆಲ್‌ಗ್ರೆನ್ ಪ್ಯಾರಿಸ್ಸಿಗೆ ಬಂದ. ಇಬ್ಬರೂ ಇಟಲಿ, ಟುನೀಷಿಯಾ, ಅಲ್ಜೀರಿಯಾ, ಮೊರಾಕ್ಕೋಗಳನ್ನು ಸುತ್ತಿದರು. ಅದೇ ವರ್ಷ ಇಬ್ಬರ ಮಹತ್ವದ ಕೃತಿಗಳೂ ಹೊರಬಂದವು. ಆತನ ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್ ಕಾದಂಬರಿಗೆ ಮರುವರ್ಷ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಸಂದಿತು. ಆಕೆಯ ದಿ ಸೆಕೆಂಡ್ ಸೆಕ್ಸ್ ಹೆಣ್ಣಿನ ಸ್ಥಿತಿಗತಿಯ ಕುರಿತ ಜಗತ್ತಿನ ಚಿಂತನೆಯನ್ನೇ ಬದಲಿಸಿತು. ಅಮೆರಿಕದ ಕರಿಯರ ಸ್ಥಿತಿಯನ್ನು ಕುರಿತ ಗುನ್ನಾರ್ ಮಿರ್ಡಾಲ್‌ನ ಬೃಹತ್ ಅಧ್ಯಯನವನ್ನು ಓದಿದಾಗ ಹೆಣ್ಣಿನ ಬಗ್ಗೆಯೂ ಅಂತಹ ಕೃತಿ ಬರೆಯಬೇಕೆಂಬ ಹಂಬಲ ಹೇಗೆ ಬಲಿಯಿತೆಂಬುದನ್ನು ಆಕೆ ಹೇಳಿಕೊಂಡದ್ದು ಆಲ್‌ಗ್ರೆನ್‌ಗೆ ಬರೆದ ಪತ್ರದಲ್ಲೇ. ಪ್ರೀತಿಯೊಂದನ್ನೇ ಬದುಕಾಗಿಸಿಕೊಂಡ ಹೆಣ್ಣು ತನ್ನನ್ನು ಹೇಗೆ ಕಳೆದುಕೊಳ್ಳುತ್ತಾಳೆಂದು ಆ ಗ್ರಂಥದಲ್ಲಿ ಒಂದು ಅಧ್ಯಾಯವೇ ಇದೆ. ಸಾಗರದಾಚೆಯ ಪ್ರಿಯಕರನಿಗಾಗಿ ಹಂಬಲಿಸುತ್ತಿದ್ದ ವರ್ಷಗಳಲ್ಲೇ ಆಕೆ ಅದನ್ನು ಬರೆಯುತ್ತಿದ್ದಳು.

ಸರೋವರದ ದಂಡೆಯಲ್ಲಿ

1950ರ ಬೇಸಗೆಯಲ್ಲಿ ಆಕೆ ಮತ್ತೆ ಶಿಕಾಗೋಗೆ ಬಂದಿಳಿದಾಗ ಆಲ್‌ಗ್ರೆನ್ ಬದಲಾಗಿದ್ದ. ತನ್ನಲ್ಲಿ ಆ ಪ್ರೀತಿ ಉಳಿದಿಲ್ಲವೆಂದು ನೇರವಾಗಿ ತಿಳಿಸಿದ. ಮಾಜಿ ಪತ್ನಿ ಅಮಾಂಡಾಳನ್ನು ಮತ್ತೆ ಮದುವೆಯಾಗುವ ಯೋಚನೆ ಆತನಲ್ಲಿ ಮೊಳೆತಿತ್ತು. ಮಿಷಿಗನ್ ಸರೋವರದ ದಂಡೆಯ ಮಿಲ್ಲರ್ ಎಂಬಲ್ಲಿ ಆತ ಹೊಸದಾಗಿ ಕೊಂಡಿದ್ದ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಆ ಬೇಸಗೆಯನ್ನು ಕಳೆದರು. ಅದೇ ದಿನಗಳಲ್ಲಿ ಕೊರಿಯಾ ಯುದ್ಧ ಸ್ಫೋಟಿಸಿತು. ದೂರದ ದೇಶದಲ್ಲಿ, ಪ್ರೀತಿ ತೀರಿದ ಮನೆಯಲ್ಲಿ, ಸಿಮೋನ್ ಹಗಲುಗಳನ್ನು ಓದುತ್ತ ಬರೆಯುತ್ತ ನೂಕಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆಕೆ ನಿಲ್ಲಿಸಲಿಲ್ಲ. 1951ರ ಶರತ್ಕಾಲದಲ್ಲಿ ಮತ್ತೆ ಬಂದಳು. ಈ ಸಲ ನಿರೀಕ್ಷೆಗಳಿಲ್ಲದೆ ಬಂದುದರಿಂದ ದಿನಗಳು ಶಾಂತವಾಗಿದ್ದವು. ಹೊರಡುವ ದಿನ, ಸ್ನೇಹವಾದರೂ ಉಳಿಯಿತಲ್ಲ ಎಂದು ಆಕೆ ಸಮಾಧಾನಪಟ್ಟುಕೊಂಡಳು. ಆಲ್‌ಗ್ರೆನ್ ಒಪ್ಪಲಿಲ್ಲ. ಅದು ಸ್ನೇಹವಲ್ಲ, ಪ್ರೀತಿಗಿಂತ ಕಡಿಮೆಯಾದುದನ್ನು ಆಕೆಗೆ ಕೊಡುವುದು ತನ್ನಿಂದಾಗದು ಎಂಬ ಅರ್ಥದ ಮಾತನ್ನಾಡಿದ. ಮುಗಿಯಿತೆಂದು ಆಕೆ ನಂಬಿದ್ದ ಸಂಗತಿ ಹೊರಡುವ ಗಳಿಗೆಯಲ್ಲಿ ಮತ್ತೆ ಜೀವ ತಳೆದು ನಿಂತಿತು. ದಾರಿಯುದ್ದಕ್ಕೂ ಆಕೆ ಅತ್ತಳು. ಆತನ ಪಟ್ಟು ಸ್ಪಷ್ಟವಾಗಿತ್ತು: ಎಲ್ಲವೂ ಬೇಕು, ಇಲ್ಲವೇ ಏನೂ ಬೇಡ. ಆಕೆಯ ಬಳಿ ಕೊಡಲು ಇದ್ದದ್ದು ವರ್ಷದ ಕೆಲವು ತಿಂಗಳು ಮಾತ್ರ.

1952ರಲ್ಲಿ ಪತ್ರಕರ್ತ ಕ್ಲಾಡ್ ಲಾಂಝ್‌ಮನ್ ಆಕೆಯ ಬದುಕಿಗೆ ಬಂದ. ಆಕೆಗಿಂತ ಹದಿನೇಳು ವರ್ಷ ಚಿಕ್ಕವನು. ಆಕೆ ಒಂದೇ ಸೂರಿನಡಿ ಬಾಳಿದ ಏಕೈಕ ಪ್ರಿಯಕರ. ಮುಂದೆ ಯಹೂದಿ ನರಮೇಧವನ್ನು ಕುರಿತ ಶೋಆ ಸಾಕ್ಷ್ಯಚಿತ್ರವನ್ನು ತಯಾರಿಸಿದವನು ಈತನೇ. ಆಲ್‌ಗ್ರೆನ್ 1953ರಲ್ಲಿ ಅಮಾಂಡಾಳನ್ನು ಮರುಮದುವೆಯಾದ. ಆ ಮದುವೆಯೂ ಉಳಿಯಲಿಲ್ಲ. ಎಡಪಂಥೀಯ ಒಲವಿನ ಕಾರಣಕ್ಕೆ ಅಮೆರಿಕ ಸರಕಾರ ಆತನಿಗೆ ಪಾಸ್‌ಪೋರ್ಟ್ ನಿರಾಕರಿಸಿತು. ಪ್ಯಾರಿಸ್ಸಿಗೆ ಬರಬೇಕೆಂದರೂ ಬರಲಾಗದ ಸ್ಥಿತಿ. ಇಬ್ಬರ ನಡುವಿನ ಸಾಗರಕ್ಕೆ ರಾಜಕೀಯವೂ ಬೇಲಿ ಹಾಕಿತು.

ಬರಹದ ಬೆಲೆ

1954ರಲ್ಲಿ ಸಿಮೋನ್ ತನ್ನ ಲೆ ಮಾಂದಾರಾಂ ಕಾದಂಬರಿಯನ್ನು ಪ್ರಕಟಿಸಿದಳು. ಪ್ಯಾರಿಸ್ಸಿನ ಮನೋವೈದ್ಯೆ ಆನ್ ಮತ್ತು ಶಿಕಾಗೋದ ಲೇಖಕ ಲೂಯಿಸ್ ಬ್ರೋಗನ್‌ರ ಪ್ರೇಮ ಅದರ ಒಂದು ಎಳೆ. ಯಾರ ಕಥೆಯೆಂದು ಊಹಿಸಲು ಓದುಗರಿಗೆ ಕಷ್ಟವಾಗಲಿಲ್ಲ; ಅರ್ಪಣೆಯ ಪುಟದಲ್ಲಿ ಆಲ್‌ಗ್ರೆನ್‌ನ ಹೆಸರೇ ಇತ್ತು. ಕಾದಂಬರಿಗೆ ಫ್ರಾನ್ಸಿನ ಪ್ರತಿಷ್ಠಿತ ಗೊಂಕೂರ್ ಪ್ರಶಸ್ತಿ ಬಂತು. ಅದರಿಂದ ಬಂದ ಹಣದಲ್ಲಿ ಆಕೆ ಮೊಂಪಾರ್ನಾಸ್ ಸ್ಮಶಾನದ ಬಳಿ ಸ್ವಂತ ಮನೆ ಕೊಂಡಳು. 1956ರಲ್ಲಿ ಈ ಕಾದಂಬರಿಯನ್ನೂ ದಿ ಸೆಕೆಂಡ್ ಸೆಕ್ಸ್ ಗ್ರಂಥವನ್ನೂ ವ್ಯಾಟಿಕನ್ ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು.

ಪಾಸ್‌ಪೋರ್ಟ್ ಮರಳಿ ಸಿಕ್ಕ ಮೇಲೆ 1960ರಲ್ಲಿ ಆಲ್‌ಗ್ರೆನ್ ಪ್ಯಾರಿಸ್ಸಿಗೆ ಬಂದು ಆಕೆಯ ಮನೆಯಲ್ಲೇ ಉಳಿದ. ಸ್ಪೇನ್, ಇಸ್ತಾಂಬುಲ್, ಗ್ರೀಸ್‌ಗಳನ್ನು ಇಬ್ಬರೂ ಜತೆಯಾಗಿ ನೋಡಿದರು. ಹಳೆಯ ಕಹಿ ಕರಗಿದಂತಿತ್ತು. ಆಗಸ್ಟ್‌ನಲ್ಲಿ ಸಿಮೋನ್ ಸಾರ್ತ್ರನೊಂದಿಗೆ ಬ್ರೆಜಿಲ್‌ಗೆ ಹೊರಟಳು. ಹಿಂದಿರುಗಿದಾಗ ಆಲ್‌ಗ್ರೆನ್ ಅಮೆರಿಕಕ್ಕೆ ಮರಳಿದ್ದ. ಅವರಿಬ್ಬರೂ ಮತ್ತೆಂದೂ ಭೇಟಿಯಾಗಲಿಲ್ಲ.

ಪತ್ರಗಳನ್ನು ಕೊನೆಗಾಣಿಸಿದ್ದು ಮತ್ತೊಂದು ಪುಸ್ತಕ. 1963ರಲ್ಲಿ ಹೊರಬಂದ ಆತ್ಮಕಥೆಯ ಸಂಪುಟದಲ್ಲಿ ಸಿಮೋನ್ ಆಲ್‌ಗ್ರೆನ್‌ನೊಂದಿಗಿನ ಸಂಬಂಧವನ್ನು ಹೆಸರು ಹಿಡಿದು ಬರೆದಳು. 1965ರಲ್ಲಿ ಅದು ಇಂಗ್ಲಿಷಿಗೆ ಬಂತು. ಕಾದಂಬರಿಯ ಪಾತ್ರವಾಗಿ ಸಹಿಸಿಕೊಂಡಿದ್ದ ಆಲ್‌ಗ್ರೆನ್ ಇದನ್ನು ಸಹಿಸಲಿಲ್ಲ. ಅಮೆರಿಕದ ಪತ್ರಿಕೆಗಳಲ್ಲಿ ಕಟುವಾದ ವಿಮರ್ಶೆ ಬರೆದ. ಮೂಲಭೂತ ಪ್ರೀತಿ, ಆಕಸ್ಮಿಕ ಪ್ರೀತಿ ಎಂಬ ವರ್ಗೀಕರಣವನ್ನು ಗೇಲಿ ಮಾಡಿದ. ತಾನು ಆಕಸ್ಮಿಕದ ಪಟ್ಟಿಯಲ್ಲಿದ್ದೆನೆಂಬುದನ್ನು ಮುದ್ರಿತ ಪುಟದಲ್ಲಿ ಓದಿಕೊಂಡವನ ಸಿಟ್ಟು ಅದು. ತನ್ನ ಬದುಕಿನ ಸತ್ಯವನ್ನು ಬರೆಯುವ ಹಕ್ಕು ಲೇಖಕಿಗೆ ಉಂಟು. ಆದರೆ ಆ ಸತ್ಯದ ಅರ್ಧ ಪಾಲು ಮತ್ತೊಬ್ಬನದು; ಆತನನ್ನು ಯಾರೂ ಕೇಳಿರಲಿಲ್ಲ. 1964ರ ನಂತರ ಪತ್ರಗಳಿಲ್ಲ.

1981ರ ಮೇ 9ರಂದು ನ್ಯೂಯಾರ್ಕ್ ರಾಜ್ಯದ ಸ್ಯಾಗ್ ಹಾರ್ಬರ್‌ನ ತನ್ನ ಮನೆಯಲ್ಲಿ ಆಲ್‌ಗ್ರೆನ್ ಹೃದಯಾಘಾತದಿಂದ ನಿಧನನಾದ. ಹಿಂದಿನ ದಿನ ಸಂದರ್ಶನಕ್ಕೆ ಬಂದ ಪತ್ರಕರ್ತನೊಬ್ಬ ಸಿಮೋನಳ ಹೆಸರೆತ್ತಿದಾಗ ಆತ ಕೆರಳಿ ಮಾತನಾಡಿದ್ದ. ಮೂವತ್ತು ವರ್ಷ ಕಳೆದರೂ ಗಾಯ ಹಸಿಯಾಗಿಯೇ ಇತ್ತು.

ಉಳಿದದ್ದು

ಸಿಮೋನ್ ಆತನ ಸಿಟ್ಟಿಗೆ ಬಹಿರಂಗವಾಗಿ ಪ್ರತಿಸಿಟ್ಟು ತೋರಲಿಲ್ಲ. ಉಂಗುರವನ್ನೂ ತೆಗೆಯಲಿಲ್ಲ. 1986ರ ಏಪ್ರಿಲ್ 14ರಂದು, ಸಾರ್ತ್ರ ತೀರಿಕೊಂಡು ಆರು ವರ್ಷ ತುಂಬಲು ಒಂದು ದಿನ ಉಳಿದಿರುವಾಗ, ಆಕೆ ಕಣ್ಮುಚ್ಚಿದಳು. ಆಕೆ ಬರೆದ ಪತ್ರಗಳನ್ನು ಆಲ್‌ಗ್ರೆನ್ ಜೋಪಾನವಾಗಿ ಇಟ್ಟುಕೊಂಡಿದ್ದ. ಅವು ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯವನ್ನು ಸೇರಿದವು. ದತ್ತುಪುತ್ರಿ ಸಿಲ್ವಿ ಲ ಬೋನ್ ದ ಬೋವಾ ಅವನ್ನು 1997ರಲ್ಲಿ ಪ್ರಕಟಿಸಿದಳು. ಆಲ್‌ಗ್ರೆನ್‌ನ ಪತ್ರಗಳನ್ನು ಅದರಲ್ಲಿ ಸೇರಿಸಲು ಅನುಮತಿ ಸಿಗಲಿಲ್ಲ. ಆದ್ದರಿಂದ ಆ ಸಂಪುಟದಲ್ಲಿ ನಮಗೆ ಕೇಳಿಸುವುದು ಒಂದೇ ದಡದ ಧ್ವನಿ.

ಸಾಗರದಾಚೆಯ ಪ್ರೀತಿ ಈಗ ಅಪರೂಪವಲ್ಲ. ಪತ್ರಕ್ಕಾಗಿ ಅಂಚೆಯವನನ್ನು ಕಾಯಬೇಕಿಲ್ಲ; ಅಂಗೈಯಗಲದ ಪರದೆಯಲ್ಲಿ ಮುಖವೇ ಕಾಣಿಸುತ್ತದೆ. ಆದರೂ ಸಿಮೋನ್ ಎದುರಿಸಿದ ಪ್ರಶ್ನೆಗಳು ಹಳತಾಗಿಲ್ಲ. ಯಾರು ಊರು ಬಿಡಬೇಕು? ಒಬ್ಬರಿಗೆ ಸಾಕೆನಿಸಿದ್ದು ಮತ್ತೊಬ್ಬರಿಗೆ ಸಾಲದೆಂದಾದರೆ ಏನು ಮಾಡಬೇಕು? ಮಾತುಕೊಡುವ ಮುನ್ನ ಯಾವುದನ್ನು ಹೇಳಿಬಿಡಬೇಕು?

ಮದುವೆಯನ್ನು ನಿರಾಕರಿಸಿದ್ದಕ್ಕೆ ಸಿಮೋನಳನ್ನು ದೂರುವುದು ಸುಲಭವಲ್ಲ. ಆಕೆ ಶಿಕಾಗೋದಲ್ಲಿ ನೆಲೆಸಿದ್ದರೆ ಆನಂತರದ ಪುಸ್ತಕಗಳು ಹುಟ್ಟುತ್ತಿದ್ದವೋ ಇಲ್ಲವೋ. ಆ ನಿರ್ಧಾರವನ್ನು ಆಕೆ ತಿಳಿದೇ ತೆಗೆದುಕೊಂಡಳು, ಆತನಿಗೆ ತಿಳಿಸಿಯೂ ತೆಗೆದುಕೊಂಡಳು. ದೂರಬೇಕಾದುದು ಬಸ್ಸಿನಲ್ಲಿ ಹೇಳಿದ ಆ ತಡವಾದ ಮಾತನ್ನು. ಕೊಡಲಾಗದ್ದನ್ನು ಕೊಡಲಾಗದೆಂದು ಹೇಳುವಾಗ ಆಕೆ ಧೀರಳಾಗಿದ್ದಳು. ಕೊಡುವುದಾಗಿ ಹೇಳಿದ್ದನ್ನು ಮೊಟಕುಗೊಳಿಸುವಾಗ ಅಳುಕಿದಳು. ಆಲ್‌ಗ್ರೆನ್ ಮೊದಲನೆಯದನ್ನು ತಾಳಿಕೊಂಡ. ಎರಡನೆಯದನ್ನು ತಾಳಿಕೊಳ್ಳಲಿಲ್ಲ.

ಮೊಂಪಾರ್ನಾಸ್‌ನ ಆ ಕಲ್ಲಿನ ಮೇಲೆ ಇಂದಿಗೂ ಎರಡೇ ಹೆಸರುಗಳಿವೆ.